ಸೂರು ತಟ್ಟಿ ಕೂರುವವ

ಲೈಟ್‌ಹೌಸಿಗೆ ಬೆನ್ನು ಹಾಕಿ ಹೆದ್ದಾರಿ ದಾಟಿದರೆ
ಸುರತ್ಕಲ್ಲಿನಲ್ಲಿ ನಮ್ಮದು ಕಲ್ಲಿನ ಲ್ಯಾಬು.
ಊರ ಹೆಸರಲ್ಲೇ ಕಲ್ಲುಂಟೆಂದು ಹೊಸ ಹುಡುಗರು ನಗುತ್ತಾರೆ
ಪ್ರತಿ ವರ್ಷ, ತಾವೇ ಮೊದಲು ಕಂಡ ಹಾಗೆ.

ನಾನು ಅಟೆಂಡರ್ ವಾರಿಜ. ಇಪ್ಪತ್ತೆರಡು ವರ್ಷ
ಕಲ್ಲು ಒರೆಸಿದ್ದೇನೆ, ಅಳೆದಿದ್ದೇನೆ, ಪುಡಿಯಾದದ್ದನ್ನು ಗುಡಿಸಿದ್ದೇನೆ.
ರಾಯಚೂರು ಕಡೆಯ ಗಣಿಯಿಂದ ತಗಡಿನ ಪೆಟ್ಟಿಗೆ ಬರುತ್ತದೆ,
ಒಳಗೆ ಉರುಟಾಗಿ ಕೊರೆದ ಕಲ್ಲು, ಸಾಲಾಗಿ,
ಬುಟ್ಟಿಯಲ್ಲಿ ಬೂತಾಯಿ ಮಲಗಿಸಿದ ಹಾಗೆ.
ಮೈಮೇಲೆ ಬಣ್ಣದಲ್ಲಿ ಆಳ:
ಆರುನೂರ ಹತ್ತು ಮೀಟರ್. ಏಳುನೂರ ನಲವತ್ತು.
ಅಷ್ಟು ಕೆಳಗಿನದ್ದೂ
ನಮ್ಮ ಸೆಕೆಗೆ ಬೆವರುತ್ತದೆ.

ಕಾರ್ಕಳದ ಕೋರೆಯಲ್ಲಿ ಅಜ್ಜ ಒಡೆದದ್ದು ಬೆಣೆಯಲ್ಲಿ:
ಕುಳಿಯೊಳಗೆ ಒಣ ಮರ ಬಡಿದು, ಸಂಜೆ ನೀರು ಹನಿಸಿ
ಮನೆಗೆ ಹೋದರೆ, ಬೆಳಿಗ್ಗೆ ಬಂಡೆ ಎರಡು.
ಅಪ್ಪನ ಕಾಲಕ್ಕೆ ಪುರುಸೊತ್ತು ಮುಗಿದಿತ್ತು. ತೋಟೆ ಬಂತು.
ಒಂದು ದಿನ ಐದು ಕುಳಿಗೆ ಬತ್ತಿ ಕೊಟ್ಟರು,
ನಾಲ್ಕು ಸದ್ದು ಎಣಿಸಿದರು.
ಐದನೆಯದು, ಅವರು ಹತ್ತಿರ ಹೋಗಿ ಬಗ್ಗುವವರೆಗೆ ಕಾಯಿತು.
ಆಮೇಲೆ ಬಲಗೈಯಲ್ಲಿ ಎರಡು ಬೆರಳು,
ಬಲಗಿವಿಯಲ್ಲಿ ಕಡಲು.

ಮಾರ್ಚಿನಲ್ಲಿ ತರಬೇತಿಗೆಂದು ಗಣಿಯಿಂದ ಹನ್ನೊಂದು ಮಂದಿ ಬಂದರು.
ಅವರಲ್ಲಿ ಹುಲಿಗೆಪ್ಪ ಎಂಬವ ಕುರ್ಚಿಯಲ್ಲಿ ಕೂರಲೇ ಇಲ್ಲ.
ನನ್ನ ಬಲೆ ತೆಗೆಯುವ ಕೋಲು ಇಸಕೊಂಡು
ಲ್ಯಾಬಿನ ಸೂರಿಗೆ ನಾಲ್ಕು ಕಡೆ ತಟ್ಟಿ, ಕಿವಿ ವಾರೆ ಮಾಡಿ ಕೇಳಿ,
"ಠಣ್ ಅಂದ್ರ ಕುಂದ್ರಬೇಕ್ರಿ, ಬದ್ ಅಂದ್ರ ಎದ್ದ್ ಹೋಗಬೇಕ್ರಿ"
ಎಂದ ಮೇಲೆಯೇ ಚಾ ಮುಟ್ಟಿದ್ದು.
ಮಧ್ಯಾಹ್ನ ಕ್ಯಾಂಟೀನಿನಲ್ಲೂ ಹಾಗೆಯೇ. ಊಟ ಬಡಿಸುವವಳು ಹೆದರಿದಳು.

ಪ್ರೆಸ್ಸಿನ ದವಡೆಗೆ ಕಲ್ಲು ಕೊಟ್ಟು
ಅದರ ಸೊಂಟಕ್ಕೆ ಸದ್ದು ಹಿಡಿಯುವ ಬಿಲ್ಲೆ ಅಂಟಿಸಿ
ಹುಡುಗರು ಅವನಿಗೊಂದು ಹೆಡ್‌ಫೋನ್ ತೊಡಿಸಿದರು.
ಪರದೆಯಲ್ಲಿ ಗೆರೆ ಏರುತ್ತಿತ್ತು, ನೂರ ಇಪ್ಪತ್ತು, ನೂರ ಐವತ್ತು,
ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ ಚಿಟಿ, ಚಿಟಿಚಿಟಿ
ಅವನು ನನ್ನ ಮೊಣಕೈ ಹಿಡಿದು
ಮೂರು ಹೆಜ್ಜೆ ಹಿಂದೆ ಎಳೆದೇಬಿಟ್ಟ.
ಕಲ್ಲು ಒಡೆದದ್ದು ಆಮೇಲೆ.
ನಾಚಿ, ತಂತಿ ಬಿಡಿಸಿಕೊಳ್ಳುತ್ತಾ ಅಂದ:
"ಈ ಸಪ್ಪಳಕ್ಕ ನಾವು ಓಡತೀವ್ರಿ, ನೀವು ಬರಕೋತೀರಿ."

ಸಂಜೆ ಅಂಗಳದ ಬಂಡೆಗೆ ಏಳು ತೂತು.
ಉಬ್ಬುವ ಸಿಮೆಂಟನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಹೊಯ್ದೆವು.
ಬೆಂಕಿಯಿಲ್ಲ, ಹೊಗೆಯಿಲ್ಲ, ಸಿಡಿದು ಬರುವುದಿಲ್ಲ,
ಆದರೂ ತೂತಿನ ಮೇಲೆ ಮುಖ ಇಡಬೇಡಿ ಎಂದರು ಸರ್;
ಮೊದಲೇ ನೊಂದ ಸೂರಿನ ಕೆಳಗೆ
ಇನ್ನೊಂದು ನೋವು ಬೇಡವಲ್ಲ.
"ಎಷ್ಟ್ ತಾಸ್ರಿ?" ಹನ್ನೆರಡು.
"ನಮ್ಮ ಪಾಳಿ ಎಂಟ್ ತಾಸಿಂದ್ರಿ."
ಅದಕ್ಕೆ ಯಾರೂ ಉತ್ತರಿಸಲಿಲ್ಲ. ಸರ್ ಕೂಡ.

ಬೆಳಿಗ್ಗೆ ಹಳೆಯಂಗಡಿಯ ಮೊದಲ ಬಸ್ಸಿಗೆ ಬಂದೆ.
ಹುಲಿಗೆಪ್ಪ ಮೋರಿಯ ಕಟ್ಟೆ ಮೇಲೆ, ಲುಂಗಿ ಹೊದ್ದು,
ರಾತ್ರಿಯೆಲ್ಲ ಅಲ್ಲೇ.
ಬಂಡೆಯಲ್ಲಿ ತೂತಿನಿಂದ ತೂತಿಗೆ ಒಂದು ಬಿರುಕು,
ನನ್ನ ಎರಡು ಬೆರಳು ಹಿಡಿಸುವಷ್ಟು.
ಇಟ್ಟು ನೋಡಿದೆ. ಬೆಚ್ಚಗಿತ್ತು.
"ಮೂರರ ಸುಮಾರಿಗೆ ಒಮ್ಮೆ ಉಸ್ರು ಬಿಟ್ಟಂಗಾತ್ರಿ," ಅಂದ,
"ಅಷ್ಟ."

ರಿಜಿಸ್ಟರಿನಲ್ಲಿ ಒಡೆದ ಹೊತ್ತು: ಮೂರು.
ಸದ್ದು ಎಂಬ ಕಾಲಮ್ಮಿಗೆ 'ಇಲ್ಲ' ಎಂದು ಬರೆಯಹೊರಟವಳು
'ಉಸಿರು' ಎಂದು ಬರೆದೆ.
ಸರ್ ಅದನ್ನಿನ್ನೂ ಹೊಡೆದು ಹಾಕಿಲ್ಲ.