ಹಂತಕ್ಕೆ ಇನ್ನೂರೈವತ್ತು ಕಿಲೋ

ಕಂಬ ನಾಲ್ಕು. ಮೈತುಂಬ ತೂತು,
ಮೇಲೆ ಅಗಲ, ಕೆಳಗೆ ಸಪೂರ, ತಲೆಕೆಳಗಾದ ಹನಿಯ ಹಾಗೆ.
ಅಡ್ಡಪಟ್ಟಿಯ ತುದಿಯ ಗುಬಟನ್ನು ಅಗಲದಲ್ಲಿ ತೂರಿಸಿ
ರಬ್ಬರ್ ಸುತ್ತಿಗೆಯಿಂದ ಕೆಳಕ್ಕೆ ಒಂದೇ ಪೆಟ್ಟು.
ನಟ್ಟಿಲ್ಲ, ಬೋಲ್ಟಿಲ್ಲ.
"ಮತ್ತೆ ಹಿಡಿದುಕೊಂಡಿರೋದು ಯಾವುದು?" ಎಂದೆ.
"ನೀನು ಇಡೋ ಸಾಮಾನು" ಎಂದಳು ಎದುಲಿಯಾ,
ಹಲ್ಲಿನ ನಡುವೆ ಎರಡು ಪಿನ್ನು ಕಚ್ಚಿಕೊಂಡೇ.

ತಾಳ್ಕವಾನೊ ಬಂದರಿನ ಹಿಂದುಗಡೆಯ ಓಣಿ;
ಮೀನುಹಿಟ್ಟಿನ ಕಾರ್ಖಾನೆಯ ವಾಸನೆ
ಮುಚ್ಚಿದ ಊಟದ ಡಬ್ಬಿಗೂ ನುಗ್ಗುತ್ತದೆ.
ದೋಣಿ ಎಂಜಿನುಗಳ ಬಿಡಿಭಾಗದ ಉಗ್ರಾಣಕ್ಕೆ
ನಾನು ಸೇರಿ ಹನ್ನೊಂದು ದಿನ.

ಲೋಟ ತಟ್ಟೆ ಜೋಡಿಸುವ ಅಡುಗೆಮನೆ ಹಲಗೆಯಲ್ಲ ಇದು.
ಫೋರ್ಕ್‌ಲಿಫ್ಟ್ ಬಂದು ಹೇರುವ, ಸೂರು ಮುಟ್ಟುವ ಆನೆಯೂ ಅಲ್ಲ.
ನಡುವಿನದು.
ಮನುಷ್ಯ ಎರಡು ಕೈಯಲ್ಲಿ ಎತ್ತಿ
ಉಸ್ಸೆಂದು ಇಡುವಷ್ಟರದು:
ಪ್ರೊಪೆಲರು, ಪಂಪು, ಗ್ರೀಸಿನ ಡಬ್ಬ, ಹಗ್ಗದ ಸುರುಳಿ,
ಯಾವ ಎಂಜಿನಿನದೆಂದು ಎದುಲಿಯಾಗೂ ಮರೆತ
ಒಂದು ಪೆಟ್ಟಿಗೆ ಪಿಸ್ಟನ್ ಉಂಗುರ.

"ಭಾರದ್ದು ಕೆಳಗೆ. ದಿನಾ ಬೇಕಾದ್ದು ಸೊಂಟದೆತ್ತರ.
ಒಂದೇ ಕಡೆ ಗುಡ್ಡೆ ಹಾಕಬೇಡ,
ಇನ್ನೂರೈವತ್ತು ಅಂದರೆ ಹರಡಿದ ಇನ್ನೂರೈವತ್ತು.
ಹತ್ತಬೇಡ. ಏಣಿಯಲ್ಲ ಅಂತ ನಿನ್ನ ಹಿಂದಿನವನಿಗೂ ಹೇಳಿದ್ದೆ,
ಅವನ ಮೊಣಕಾಲನ್ನು ಕೇಳಿ ನೋಡು."

ಪಾದದ ತಗಡಿಗೆ ಮಾತ್ರ ಬೋಲ್ಟು, ಕಾಂಕ್ರೀಟಿನೊಳಕ್ಕೆ.
ಗೋಡೆಗೊಂದು ಕೊಂಡಿ.
"ಕಬ್ಬಿಣವನ್ನು ನಂಬು, ನಿಬಾಲ್ದೊ. ಈ ನೆಲವನ್ನಲ್ಲ."

ಹದಿಮೂರನೆಯ ದಿನ, ಬೆಳಗಿನ ಜಾವ
ನೆಲ ಮಗ್ಗುಲು ಬದಲಿಸಿತು.
ದೊಡ್ಡದಲ್ಲ; ನಾಯಿಗಳು ಬೊಗಳಿದವು, ಮತ್ತೆ ಮಲಗಿದವು.
ಬೀಗ ತೆಗೆದರೆ
ತುಂಬಿದ ಎಂಟು ಸಾಲು ನಿಂತ ಹಾಗೇ ನಿಂತಿವೆ,
ಗುಬಟುಗಳು ಕೂದಲೆಳೆಯಷ್ಟು ಇನ್ನೂ ಕೆಳಗಿಳಿದು
ಹಲ್ಲು ಕಚ್ಚಿದಂತೆ.

ಹಿಂದಿನ ದಿನ ನಾನು ಕಟ್ಟಿ ಖಾಲಿ ಬಿಟ್ಟದ್ದು,
ಎತ್ತಿ ಒಗೆಯಲು ಏನೂ ಇಲ್ಲದ್ದು,
ಅದು ಮಾತ್ರ ಕುಣಿದು
ಎರಡು ಪಟ್ಟಿ ಕಳಚಿ, ಹಲಗೆ ವಾಲಿಸಿ ನಿಂತಿತ್ತು.

ಎದುಲಿಯಾ ಬೈಯಲಿಲ್ಲ.
ಅಂಗೈ ಚಾಚಿದಳು.
ನನ್ನ ಅಂಗಿಯ ಜೇಬಿನಿಂದ, ಬಸ್ ಚೀಟಿ ಸಮೇತ,
ಹದಿನಾರು ಪಿನ್ನುಗಳನ್ನು ತೆಗೆದು ಎಣಿಸಿಕೊಟ್ಟೆ.
"ಖಾಲಿಗೇ ಇದು ಬೇಕಾಗೋದು. ತುಂಬಿದ್ದು ತನ್ನನ್ನು ತಾನೇ ನೋಡಿಕೊಳ್ಳುತ್ತೆ"
ಅಂದಳು. ಆಮೇಲೆ ಸ್ವಲ್ಪ ತಡೆದು,
"ತುಂಬಿದ್ದಕ್ಕೂ ಹಾಕು."

ಮಧ್ಯಾಹ್ನ ಮುದುಕನೊಬ್ಬ ಸವೆದ ಉಂಗುರವೊಂದನ್ನು
ಕರವಸ್ತ್ರದಲ್ಲಿ ಸುತ್ತಿ ತಂದ: ಇಂಥದ್ದು ಇದೆಯೇ?
ಮೂರನೆಯ ಸಾಲು, ಕೆಳಗಿನಿಂದ ಎರಡು.
ನಾನು ಹತ್ತಲಿಲ್ಲ. ಬಗ್ಗಿದೆ.