ತಿಳಿನೀಲಿ

ನಕ್ಷೆಯಲ್ಲಿ ಮನೆಗೆ ಹಳದಿ, ಅಂಗಡಿಗೆ ಕಡುನೀಲಿ,
ಗದ್ದೆಗೆ ಹಸಿರು, ಗದ್ದೆ ಎಂದೋ ಹಡಿಲು ಬಿದ್ದಿದ್ದರೂ.
ಪ್ರಾಧಿಕಾರದ ಈ ಮೇಜಿನ ಮೇಲೆ ಹದಿನೇಳು ವರ್ಷ
ಉಡುಪಿಗೆ ಬಣ್ಣ ತುಂಬಿದ್ದೇನೆ.
ಬೇಗ ಮುಗಿಯುವುದು ಹಳದಿ ಪೆನ್ಸಿಲೇ.

ಐರಿನ್ ಕ್ರಾಸ್ತಾ ಬಂದರು. ನಿಟ್ಟೂರಿನಲ್ಲಿ ಐದು ಸೆಂಟ್ಸು.
ಪಹಣಿ, ಪರಿವರ್ತನೆ, ಎಲ್ಲ ಸರಿ.
ಕೊಡೆಯ ಹಿಡಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಚೀಲದಲ್ಲಿ
ಪ್ಲಾನಿನ ಮೂರು ಪ್ರತಿ,
ಮೂರರಲ್ಲೂ ಅಡುಗೆಮನೆಗೆ ಪೆನ್ನಿನಲ್ಲಿ ಒಂದು ಸುತ್ತು.

ತಕರಾರು ಒಂದೇ: ಹಳೆಯ ಸರ್ವೆಯಲ್ಲಿ
ಗಡಿಗೆ ತಾಗಿ ಕೂದಲೆಳೆಯಷ್ಟು ತೋಡು.
ಸ್ಥಳದಲ್ಲಿ ಈಗ ಕಾಂಕ್ರೀಟು ರಸ್ತೆ.
ತೋಡಿಲ್ಲವೆಂದು ಮಹಜರು ಆದರೆ ಸಾಕು,
ನೆರೆಯವರಿಬ್ಬರ ಸಹಿಯೂ ಬಿದ್ದಿತ್ತು.
ಬಾಕಿ ಇದ್ದದ್ದು ಅವರದು.

ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.
"ಇದೆಯಲ್ಲ ಸರ್ ತೋಡು.
ಸಣ್ಣದಿರುವಾಗ ಬೈರಾಸಿನಲ್ಲಿ ಮುಗುಡು ಹಿಡಿದಿದ್ದೇನೆ.
ಆಟಿ ತಿಂಗಳಲ್ಲಿ ಈಗಲೂ ಬರುತ್ತದೆ,
ನೆರೆಮನೆಯ ಮೆಟ್ಟಿಲಿನವರೆಗೆ. ರಸ್ತೆ ಇದೆ ಅಂತ
ಅದಕ್ಕೆ ಯಾರೂ ಹೇಳಿಲ್ಲ."

ಸ್ಕೇಲು ಇಟ್ಟೆ. ಗೆರೆಯಿಂದ ಮೂರು ಮೀಟರ್.
ಮನೆ ಹಿಂದೆ ಸರಿಯಿತು:
ಸಿಟೌಟ್ ಹೋಯಿತು, ಚಾವಡಿ ಕಿರಿದಾಯಿತು,
ಬಾವಿಕಟ್ಟೆ ಅಡುಗೆಮನೆಯ ಕಿಟಕಿಗೇ ಬಂತು.
ಅವರು ಕಾಗದದ ಮೇಲೆ ಗೇಣು ಹಾಕಿದರು,
ಅಲ್ಲೇ ಒಳಗೆ ನಡೆದಾಡುವವರಂತೆ.
"ಮೇಜು ಗೋಡೆಗೆ ತಾಗಿಸಿದರಾಯಿತು.
ಮೂರು ಕುರ್ಚಿ ಸಾಕು ನಮಗೆ."

ಅವರು ಹೋದ ಮೇಲೆ ಡ್ರಾಯರು ತಡಕಾಡಿದೆ.
ರಬ್ಬರು, ಗುಂಡುಸೂಜಿ, ಒಣಗಿದ ಸೀಲಿನ ಶಾಯಿ.
ತಳದಲ್ಲಿತ್ತು ತಿಳಿನೀಲಿ ಪೆನ್ಸಿಲು,
ಇನ್ನೂ ಮೊನೆ ಮಾಡದ್ದು.