ಬೋರಲು

ಗೆಜ್ಜೆಬೋರನಹಳ್ಳಿಯ ಬೆಲ್ಲದ ಸೊಸೈಟಿ ಮುಚ್ಚಿ
ಇಪ್ಪತ್ತೆರಡು ವರ್ಷ. ಗೋದಾಮಿನ ಗೋಡೆಗೆ
ಇರುವೆ ಇನ್ನೂ ಬರುತ್ತವೆ,
ಅವುಗಳಿಗೆ ಯಾರೂ ತಿಳಿಸಿಲ್ಲ.

ಅಲ್ಲೇ ನಮ್ಮ ವಸ್ತುಸಂಗ್ರಹಾಲಯ.
ಅಷ್ಟುದ್ದ ಯಾರಂತಾರೆ, ಹಳೇ ಸಾಮಾನಿನ ಮನೆ.
ಶನಿವಾರ ನನ್ನ ಪಾಳಿ, ಭಾನುವಾರ ದರ್ಜಿ ಅನ್ಸರ್ ಪಾಷನದು.
ಬೀಗದ ಕೈ ಡೈರಿಯ ಪುಟ್ಟರಂಗಮ್ಮನ ಬಳಿ,
ಹಾಲಿನ ಫ್ಯಾಟು ನೋಡುವ ಗಾಜಿನ ಕೊಳವೆಗಳ ಜೊತೆ.
ಕರೆಂಟಿನ ಬಿಲ್ಲು
ಯಾರಿಗೆ ನೆನಪಾದರೆ ಅವರದು.

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು ನಾನು.
ಇಲ್ಲಿ ಪ್ರವೇಶ ಉಚಿತ. ಆದರೂ ಮಕ್ಕಳು ಬಂದರೆ
ಬೆರಳು ಸುಮ್ಮನಿರುವುದಿಲ್ಲ,
ಮಿಕ್ಕುಳಿದ ಕಟ್ಟಿನಿಂದ ಒಂದೂವರೆ ರೂಪಾಯಿಯದು
ಹರಿದು ಕೊಡುತ್ತೇನೆ:
ಮುಂದಕ್ಕೆ ನಡೀರಿ, ಒಳಗೆ ಜಾಗ ಇದೆ.

ಒಳಗೆ ಗಾಣದ ಒಂದು ಹಲ್ಲುಚಕ್ರ. ನಾಟಕದ ಭೀಮನ
ರಟ್ಟಿನ ಗದೆ, ಒಂದು ಮಗ್ಗುಲು ಇಲಿ ತಿಂದದ್ದು.
ಕೊಳಗ, ಸೇರು, ಪಾವು, ಚಟಾಕು, ಅಳತೆಯ ಇಡೀ ಸಂಸಾರ.
ಸೂಲಗಿತ್ತಿ ಸಾಕವ್ವನ ಕತ್ತರಿ,
ಊರಿನ ಅರ್ಧ ಹೊಕ್ಕುಳು ಅದಕ್ಕೆ ಗೊತ್ತು.

ಮತ್ತೆ ಕಿಟಕಿಯ ಪಕ್ಕದ ಮೊಳೆಗೆ
ಗುಜರಿಯವನು ತೂಕಕ್ಕೆ ಹಾಕದೆ ತಂದುಕೊಟ್ಟ
ಎರಡು ಮೊಳದ ಕಬ್ಬಿಣ. ಒಂದು ತುದಿಗೆ ಅಡ್ಡಪಟ್ಟಿ,
ಇನ್ನೊಂದಕ್ಕೆ ಚೌಕದ ಬಾಯಿ.
ಏನೆಂದು ತಿಳಿಯದೆ ಅದರಡಿಗೆ ಸ್ಲೇಟು ತೂಗಿದೆವು:
ನಿಮ್ಮ ಊಹೆ ಬರೆಯಿರಿ.
ಲಾರಿ ಜಾಕಿಯ ಹಿಡಿ, ಎಂದು ಯಾರೋ.
ಮೇಷ್ಟರು, ಪಾಳೆಯಗಾರರ ಕಾಲದ ಆಯುಧ.
ಏಳನೇ ಕ್ಲಾಸಿನ ಹುಡುಗಿ, ರಾಕ್ಷಸನ ಬೀಗದ ಕೈ.
ಹತ್ತಿರ ಬಂದವಳು ಅವಳೊಬ್ಬಳೇ.

ಹೋದ ಶನಿವಾರ ಕಾಲೋನಿಯಿಂದ ಜವನಮ್ಮ ಬಂದರು.
ರೇಷನ್ನಿನ ಚೀಲ ಬಾಗಿಲಲ್ಲಿಟ್ಟು, ಚಪ್ಪಲಿಯನ್ನೂ ಬಿಟ್ಟು
(ಬೇಡ ಅಂದೆ, ಕೇಳಲಿಲ್ಲ)
ಕಿಟಕಿಯವರೆಗೆ ನಡೆದು, ಕತ್ತು ವಾರೆ ಮಾಡಿ ನೋಡಿ,
"ಬೋರ್ಲು ಮಡಗಿದ್ದೀರಿ ಕನಪ್ಪ."

ತೂಬಿನ ಕೈ. ನಾಲೆಯ ಹನ್ನೆರಡನೇ ತೂಬಿನದು.
ಅವರಪ್ಪ ರಾತ್ರಿ ಹೆಗಲಿಗೇರಿಸಿ ಹೊರಟರೆ
ಯಾರ ಗದ್ದೆಗೆ ಎಷ್ಟು ಸುತ್ತು, ಎಲ್ಲ ಬಾಯಲ್ಲೇ ಲೆಕ್ಕ.
"ನಿಮ್ಮಪ್ಪನ ಗದ್ದೆಗೆ ಮೂರು ಸುತ್ತು.
ಮೂರೂಕಾಲು ಆದ್ರೆ ಬದ ಒಡ್ಯೋದು."

ಆ ಮೂರು ಸುತ್ತಿನ ಅನ್ನ ತಿಂದವನು ನಾನು.
ಸುಗ್ಗಿಯಲ್ಲಿ ಆತ ಕಣದ ಆಚೆ ಅಂಚಿಗೆ ನಿಂತು
ಟವಲು ಒಡ್ಡಿದ್ದು ಕಂಡಿದ್ದೇನೆ.
ಚೀಟಿ ಬರೆಯಲು ಪೆನ್ನು ತೆಗೆದು, ಹೆಸರು? ಎಂದೆ.
ಎಂದ ಮೇಲೆ ಮುಖ ಎಲ್ಲಿಡಲಿ.
ಊರಿಗೆ ಊರೇ ನೀರುಗಂಟಿ ಅಂತ ಕರೆದು ಮುಗಿಸಿತ್ತು.
ನಾನೂ ಅಷ್ಟೇ, ಜನರನ್ನು ಸ್ಟಾಪಿನ ಹೆಸರಲ್ಲೇ ಕೂಗಿದವನು:
ಯಾರ್ರೀ ಕೊಪ್ಪ, ಯಾರ್ರೀ ಬೆಸಗರಹಳ್ಳಿ, ಇಳೀರಿ.

ಜವನಮ್ಮ ಹೇಳಲಿಲ್ಲ. ಬಳಪ ಕೇಳಿದರು.
ಅಕ್ಷರ ಕಲಿತದ್ದು ಮೂರು ಮಕ್ಕಳಾದ ಮೇಲೆ, ರಾತ್ರಿ ಶಾಲೆಯಲ್ಲಿ.
ಊಹೆಗಳನ್ನು ಒರೆಸಹೋದೆ, "ಬ್ಯಾಡ, ಇರ್ಲಿ" ಅಂದರು.
ರಾಕ್ಷಸನ ಕೆಳಗೆ ಮಿಕ್ಕಿದ್ದ ಜಾಗದಲ್ಲಿ
ಮಡೆ ತಿರುವಿದಷ್ಟು ನಿಧಾನಕ್ಕೆ ಬರೆದರು:
ಕರಿಮುದ್ದಯ್ಯ.
ದಕಾರದ ಒತ್ತು ಕೊಂಚ ದೂರ ಹೋಗಿ ಬಿತ್ತು.

ಕಬ್ಬಿಣ ಇಳಿಸಿದೆವು. ತಿರುವಿ ಹಾಕುವ ಮುಂಚೆ
ಅಡ್ಡಪಟ್ಟಿ ಹಿಡಿದು, ಬರಿಯ ಗಾಳಿಯಲ್ಲಿ,
ಅವರು ಮೂರು ಸುತ್ತು ತಿರುಗಿಸಿದರು.
ನಿಲ್ಲಿಸಿದರು.

ಹೊರಡುವಾಗ, "ಐಕ್ಳಿಗೆ ಟಿಕೆಟ್ ಕೊಟ್ಟೀಯಂತೆ, ನಂಗಿಲ್ವಾ?"
ಹರಿದೆ. ಎಲ್ಲಿಗೆ? ಎಂದಿತು ಹಳೇ ನಾಲಿಗೆ.
"ಮನೆಗೆ ಕನಪ್ಪ, ಇನ್ನೆಲ್ಲಿಗೆ."
ಚೀಲಕ್ಕೆ ಆಗಲೇ ಹತ್ತಿದ್ದ ಇರುವೆಗಳನ್ನು
ಹೊಸ್ತಿಲ ಮೇಲೆ ಕೊಡವಿ
ಅಕ್ಕಿ ಎತ್ತಿ ಸೊಂಟಕ್ಕಿಟ್ಟುಕೊಂಡರು.